ಲೆಕ್ಕಕ್ಕೆ ಸಿಗದ ಖಿನ್ನತೆ: ಅಮೆರಿಕದ ಕಪ್ಪು ಯುವಕರು ಮತ್ತು ಸಮೀಕ್ಷೆಗಳ ಮಿತಿ

ಅಮೆರಿಕದ ಕಪ್ಪು ಜನರ ಮಾನಸಿಕ ಆರೋಗ್ಯವನ್ನು ಅಧ್ಯಯನ ಮಾಡುವವರು ಮೊದಲ ಹೆಜ್ಜೆಯಲ್ಲೇ ಒಂದು ತೊಡಕಿಗೆ ಸಿಲುಕುತ್ತಾರೆ. ಬಡತನ, ನಿರುದ್ಯೋಗ, ಪೊಲೀಸರ ಕಿರುಕುಳ, ದಿನನಿತ್ಯದ ಅವಮಾನ ಇವೆಲ್ಲ ಬಿಳಿಯರಿಗಿಂತ ಕಪ್ಪು ಜನರನ್ನೇ ಹೆಚ್ಚು ಕಾಡುತ್ತವೆ. ಒತ್ತಡ ಹೆಚ್ಚಿರುವಲ್ಲಿ ಖಿನ್ನತೆಯೂ ಹೆಚ್ಚಿರಬೇಕು. ಆದರೆ ರಾಷ್ಟ್ರಮಟ್ಟದ ಸಮೀಕ್ಷೆಗಳು ಹೇಳುತ್ತ ಬಂದಿರುವುದು ಇದಕ್ಕೆ ವಿರುದ್ಧವಾದದ್ದನ್ನು. ಮಿಶಿಗನ್ ವಿಶ್ವವಿದ್ಯಾಲಯದ ಜೇಮ್ಸ್ ಜಾಕ್ಸನ್ ಅವರ ನೇತೃತ್ವದಲ್ಲಿ 2001ರಿಂದ 2003ರವರೆಗೆ 'ನ್ಯಾಷನಲ್ ಸರ್ವೇ ಆಫ್ ಅಮೆರಿಕನ್ ಲೈಫ್' ಎಂಬ ದೊಡ್ಡ ಸಮೀಕ್ಷೆ ನಡೆಯಿತು. ಡೇವಿಡ್ ವಿಲಿಯಮ್ಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅದರ ವಿಶ್ಲೇಷಣೆಯ ಪ್ರಕಾರ, ಜೀವಮಾನದಲ್ಲಿ ಒಮ್ಮೆಯಾದರೂ ತೀವ್ರ ಖಿನ್ನತೆಗೆ ಒಳಗಾದವರು ಬಿಳಿಯರಲ್ಲಿ ಶೇ. 17.9, ಆಫ್ರಿಕನ್ ಅಮೆರಿಕನ್ನರಲ್ಲಿ ಶೇ. 10.4. ಈ ಎರಡು ಅಂಕಿಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ಲೇಖನದ ಇನ್ನೊಂದು ಜೋಡಿ ಅಂಕಿಗಳಿಗೆ ಅಷ್ಟು ಗಮನ ಸಿಕ್ಕಿಲ್ಲ. ಖಿನ್ನತೆ ಒಮ್ಮೆ ಹಿಡಿದ ಮೇಲೆ ಅದು ಬಿಡದೆ ಮುಂದುವರಿದದ್ದು ಬಿಳಿಯರಲ್ಲಿ ಶೇ. 38.6 ಮಂದಿಗೆ; ಆಫ್ರಿಕನ್ ಅಮೆರಿಕನ್ನರಲ್ಲಿ ಶೇ. 56.5 ಮಂದಿಗೆ. ಖಿನ್ನತೆಯಿದ್ದ ಆಫ್ರಿಕನ್ ಅಮೆರಿಕನ್ನರಲ್ಲಿ ಚಿಕಿತ್ಸೆ ಪಡೆದವರೋ ಅರ್ಧಕ್ಕಿಂತ ಕಡಿಮೆ. ಮೊದಲ ಜೋಡಿಯನ್ನು ಆರೋಗ್ಯದ ಪುರಾವೆಯೆಂದು ಓದುವುದು ತಪ್ಪು ಎಂಬುದೇ ನನ್ನ ವಾದ. ಕಪ್ಪು ಯುವಕರ ಮಟ್ಟಿಗಂತೂ ಆ ಕಡಿಮೆ ಅಂಕಿ ಹುಟ್ಟಿಕೊಂಡಿರುವುದು ನಾವು ಏನನ್ನು ಕೇಳುತ್ತೇವೆ, ಎಲ್ಲಿ ಕೇಳುತ್ತೇವೆ ಎಂಬುದರಿಂದ.

ಇಂಥ ಸಮೀಕ್ಷೆಗಳ ಪ್ರಶ್ನಾವಳಿಯನ್ನು ಹತ್ತಿರದಿಂದ ನೋಡಬೇಕು. ಖಿನ್ನತೆಯ ವಿಭಾಗಕ್ಕೆ ಹೋಗುವ ಮುನ್ನ ಒಂದೆರಡು ಸೋಸುವ ಪ್ರಶ್ನೆಗಳಿರುತ್ತವೆ. ದಿನಗಟ್ಟಲೆ ದುಃಖ ಅಥವಾ ಶೂನ್ಯಭಾವ ಕಾಡಿದ್ದುಂಟೇ, ಯಾವುದರಲ್ಲೂ ಉತ್ಸಾಹ ಉಳಿಯದ ಕಾಲವೊಂದಿತ್ತೇ ಎಂಬ ಬಗೆಯವು. ಎಲ್ಲಕ್ಕೂ 'ಇಲ್ಲ' ಎಂದರೆ ಸಂದರ್ಶಕ ಇಡೀ ವಿಭಾಗವನ್ನೇ ಬಿಟ್ಟು ಮುಂದಕ್ಕೆ ಹೋಗುತ್ತಾನೆ. ನಿದ್ದೆ, ಹಸಿವು, ಸಾವಿನ ಯೋಚನೆ ಯಾವುದನ್ನೂ ಆ ವಿಭಾಗದಲ್ಲಿ ಮತ್ತೆ ಕೇಳುವುದಿಲ್ಲ. ಅಳುಕು ತೋರಿಸಿದರೆ ಬೀದಿಯಲ್ಲಿ ಏಟು ಬೀಳುತ್ತದೆಂದು ಎಳವೆಯಿಂದ ಕಲಿತ ಇಪ್ಪತ್ತೆರಡರ ಯುವಕ, ಕಾಗದ ಹಿಡಿದು ಬಂದ ಅಪರಿಚಿತರ ಮುಂದೆ ಆ ಮೊದಲ ಪ್ರಶ್ನೆಗೆ ಏನೆನ್ನುತ್ತಾನೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಇದು ಬರಿಯ ಊಹೆಯೂ ಅಲ್ಲ. ವಿಜ್ಡಮ್ ಪವೆಲ್ ಹ್ಯಾಮಂಡ್ ಬಹುಪಾಲು ಕ್ಷೌರದಂಗಡಿಗಳಲ್ಲೇ ಮಾತನಾಡಿಸಿದ 674 ಆಫ್ರಿಕನ್ ಅಮೆರಿಕನ್ ಗಂಡಸರ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ನಲವತ್ತು ದಾಟದವರಲ್ಲಿ ಖಿನ್ನತೆಯ ಲಕ್ಷಣ ಹೆಚ್ಚು, ಅನುಭವಿಸಿದ ತಾರತಮ್ಯ ಹೆಚ್ಚು, ಭಾವನೆಯನ್ನು ಹೊರಗೆ ತೋರಬಾರದೆಂಬ ಕಟ್ಟುಪಾಡೂ ಹೆಚ್ಚು ಎಂದು ಅದು ತೋರಿಸಿತು. ನೋವು ಹೆಚ್ಚಿರುವ ವಯಸ್ಸಿನಲ್ಲೇ ಬಾಯಿ ಕಟ್ಟಿರುವುದು ಗಮನಿಸಬೇಕಾದ ಸಂಗತಿ. ಲಿಸಾ ಮಾರ್ಟಿನ್ ಮತ್ತು ಸಂಗಡಿಗರು 2013ರಲ್ಲಿ ಎಲ್ಲ ಜನಾಂಗದವರಿದ್ದ ರಾಷ್ಟ್ರೀಯ ಸಮೀಕ್ಷೆಯೊಂದರ ದತ್ತಾಂಶವನ್ನು ಬೇರೆ ಅಳತೆಗೋಲಿನಿಂದ ಅಳೆದರು. ಸಿಟ್ಟು, ಜಗಳ, ಕುಡಿತ, ಅಪಾಯಕ್ಕೆ ಮೈಯೊಡ್ಡುವುದು ಇಂಥವನ್ನು ಲಕ್ಷಣಗಳೆಂದು ಎಣಿಸಿದಾಗ ಗಂಡಸರ ಪ್ರಮಾಣ ಶೇ. 26.3ಕ್ಕೆ ಏರಿ ಹೆಂಗಸರ ಶೇ. 21.9ನ್ನು ಮೀರಿತು. ಗಂಡಸರಲ್ಲಿ ಖಿನ್ನತೆ ಕಡಿಮೆ ಎಂಬ ಹಳೆಯ ನಂಬಿಕೆ ಎಷ್ಟರಮಟ್ಟಿಗೆ ಪ್ರಶ್ನೆಗಳ ಸೃಷ್ಟಿ ಎಂಬುದನ್ನು ಇದು ಬಯಲುಮಾಡಿತು.

ಇನ್ನು ಎಲ್ಲಿ ಕೇಳುತ್ತೇವೆ ಎಂಬ ಮಾತು. ಈ ಸಮೀಕ್ಷೆಗಳು ಮನೆಗಳಲ್ಲಿ ನಡೆಯುತ್ತವೆ. ಸೆರೆಮನೆಯಲ್ಲಿರುವವರು ಮಾದರಿಯೊಳಗೆ ಬರುವುದೇ ಇಲ್ಲ. ಬೇರೆ ಗುಂಪುಗಳ ವಿಷಯದಲ್ಲಿ ಇದು ಸಣ್ಣ ಲೋಪವಾಗಿ ಉಳಿಯಬಹುದಿತ್ತು. ಆದರೆ ಜಾಕ್ಸನ್ ಅವರ ಸಮೀಕ್ಷೆ ನಡೆಯುತ್ತಿದ್ದ ಹೊತ್ತಿಗೆ ಇಪ್ಪತ್ತರ ಹರೆಯದ ಕಪ್ಪು ಗಂಡಸರಲ್ಲಿ ನೂರಕ್ಕೆ ಸುಮಾರು ಹನ್ನೆರಡು ಮಂದಿ ಕಂಬಿಗಳ ಹಿಂದೆ ಇದ್ದರು. ಸಮಾಜಶಾಸ್ತ್ರಜ್ಞೆ ಬೆಕಿ ಪೆಟಿಟ್ 2012ರಲ್ಲಿ ಬರೆದ ಪುಸ್ತಕಕ್ಕೆ 'ಇನ್‌ವಿಸಿಬಲ್ ಮೆನ್' ಎಂದು ಹೆಸರಿಟ್ಟದ್ದು ಇದೇ ಕಾರಣಕ್ಕೆ. ಶಿಕ್ಷಣ, ಉದ್ಯೋಗ, ಮತದಾನ ಎಲ್ಲದರಲ್ಲೂ ಕಪ್ಪು ಗಂಡಸರ ಸ್ಥಿತಿ ಇರುವುದಕ್ಕಿಂತ ಚೆನ್ನಾಗಿ ಕಾಣುವುದಕ್ಕೆ ಸೆರೆಯಲ್ಲಿರುವವರನ್ನು ಎಣಿಸದಿರುವುದು ಕಾರಣ ಎಂದು ಅವರು ತೋರಿಸಿಕೊಟ್ಟರು. ಮಾನಸಿಕ ಆರೋಗ್ಯಕ್ಕೂ ಈ ತರ್ಕ ಅಷ್ಟೇ ಬಲವಾಗಿ ಅನ್ವಯಿಸುತ್ತದೆ. ಖಿನ್ನತೆಯ ಸಂಭವ ಅತಿ ಹೆಚ್ಚಿರುವ ಯುವಕರನ್ನೇ ಮೊದಲು ಹೊರಗಿಟ್ಟು, ಉಳಿದವರಲ್ಲಿ ಖಿನ್ನತೆ ಕಡಿಮೆಯಿದೆ ಎಂದರೆ ಅದನ್ನು ಶೋಧನೆ ಎನ್ನಲಾಗದು.

ಈ ಬಗೆಯ ಎಣಿಕೆಗೆ ಅಮೆರಿಕದಲ್ಲಿ ಹಳೆಯ ಇತಿಹಾಸವಿದೆ. 1840ರ ಜನಗಣತಿ, ಉತ್ತರದ ಸ್ವತಂತ್ರ ಕಪ್ಪು ಜನರಲ್ಲಿ ಹುಚ್ಚು ದಕ್ಷಿಣದ ಗುಲಾಮರಿಗಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಹೇಳಿತು. ಗುಲಾಮಗಿರಿಯ ಸಮರ್ಥಕ ಜಾನ್ ಕ್ಯಾಲ್ಹೂನ್ ಅದನ್ನು ಸಂತೋಷದಿಂದ ಎತ್ತಿ ಹಿಡಿದ. ಮ್ಯಾಸಚೂಸೆಟ್ಸ್‌ನ ವೈದ್ಯ ಎಡ್ವರ್ಡ್ ಜಾರ್ವಿಸ್ ಪಟ್ಟಿಗಳನ್ನು ಕೂತು ಪರಿಶೀಲಿಸಿದಾಗ, ಒಬ್ಬನೇ ಒಬ್ಬ ಕಪ್ಪು ನಿವಾಸಿಯಿಲ್ಲದ ಊರುಗಳಲ್ಲೂ ಕಪ್ಪು ಹುಚ್ಚರು ದಾಖಲಾಗಿದ್ದುದು ಕಂಡಿತು. ಕಪ್ಪು ವೈದ್ಯ ಜೇಮ್ಸ್ ಮೆಕ್ಯೂನ್ ಸ್ಮಿತ್ ಕೂಡ ಈ ಅಂಕಿಗಳನ್ನು ಖಂಡಿಸಿದರು. ಅಂದು ಇಲ್ಲದ ರೋಗವನ್ನು ಎಣಿಸಿದರು. ಇಂದು ಇರುವ ರೋಗ ಎಣಿಕೆಗೆ ಬರುತ್ತಿಲ್ಲ, ಅಥವಾ ಬೇರೊಂದು ಹೆಸರಿನಲ್ಲಿ ಬರುತ್ತಿದೆ. ಜೊನಾಥನ್ ಮೆಟ್ಜಲ್ ಮಿಶಿಗನ್ನಿನ ಅಯೋನಿಯಾ ಆಸ್ಪತ್ರೆಯ ಹಳೆಯ ಕಡತಗಳನ್ನು ಓದಿ, 1960ರ ದಶಕದಲ್ಲಿ ಸ್ಕಿಜೋಫ್ರೇನಿಯಾ ಎಂಬ ರೋಗನಿರ್ಣಯ ಹೇಗೆ ಸಿಟ್ಟುಗೊಂಡ ಕಪ್ಪು ಗಂಡಸಿನ ಮೇಲೆ ಹೆಚ್ಚುಹೆಚ್ಚಾಗಿ ಬೀಳತೊಡಗಿತು ಎಂಬುದನ್ನು 2010ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಇದು ಮುಗಿದ ಕಥೆಯೇನಲ್ಲ. 2019ರಲ್ಲಿ ಮೈಕೆಲ್ ಗಾರಾ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯದ ಸಂಗಡಿಗರು, ಆಫ್ರಿಕನ್ ಅಮೆರಿಕನ್ ರೋಗಿಗಳಿಗೆ ಸ್ಕಿಜೋಫ್ರೇನಿಯಾ ಎಂದು ಬರೆಯುವಾಗ ಅವರಲ್ಲಿರುವ ತೀವ್ರ ಖಿನ್ನತೆಯ ಲಕ್ಷಣಗಳಿಗೆ ತಕ್ಕ ಬೆಲೆ ಸಿಗುತ್ತಿಲ್ಲ ಎಂದು ಕಂಡುಕೊಂಡರು.

ಒತ್ತಡದ ಕಡೆಗೆ ತಿರುಗಿದರೆ ಪುರಾವೆಗಳಿಗೆ ಬರವಿಲ್ಲ. 2011ರ ಒಂದೇ ವರ್ಷದಲ್ಲಿ ನ್ಯೂಯಾರ್ಕ್ ಪೊಲೀಸರು 6,85,724 ಬಾರಿ ಜನರನ್ನು ತಡೆದು ವಿಚಾರಿಸಿದರು. ತಡೆಯಲ್ಪಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನ. ಬಹುತೇಕ ಪ್ರಕರಣಗಳಲ್ಲಿ ಬಂಧನವಾಗಲಿ ಸಮನ್ಸಾಗಲಿ ಇರಲಿಲ್ಲ. 2013ರ ಆಗಸ್ಟ್‌ನಲ್ಲಿ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ಈ ಪದ್ಧತಿ ನಡೆಯುತ್ತಿದ್ದ ರೀತಿ ಸಂವಿಧಾನಬಾಹಿರ ಎಂದು ತೀರ್ಪು ಕೊಟ್ಟರು. ಅಮಾಂಡ ಗೆಲರ್, ಜೆಫ್ರಿ ಫೇಗನ್ ಮತ್ತಿತರರು ಆ ನಗರದ 18ರಿಂದ 26ರ ಹರೆಯದ 1,261 ಯುವಕರನ್ನು ಮಾತನಾಡಿಸಿದಾಗ, ಪೊಲೀಸರು ಹೆಚ್ಚು ಸಲ ತಡೆದವರಲ್ಲಿ, ತಡೆದು ಒರಟಾಗಿ ನಡೆಸಿಕೊಂಡವರಲ್ಲಿ, ಆತಂಕ ಮತ್ತು ಆಘಾತದ ಲಕ್ಷಣಗಳೂ ಹೆಚ್ಚಿದ್ದವು. ಏಟು ತಿನ್ನುವುದಕ್ಕೆ ಸ್ಥಳದಲ್ಲಿ ಇರಲೇಬೇಕೆಂದೂ ಇಲ್ಲ. 2018ರ 'ಲ್ಯಾನ್ಸೆಟ್' ಲೇಖನವೊಂದರ ಪ್ರಕಾರ, ನಿರಾಯುಧ ಕಪ್ಪು ವ್ಯಕ್ತಿಯನ್ನು ಪೊಲೀಸರು ಕೊಂದ ನಂತರದ ಮೂರು ತಿಂಗಳಲ್ಲಿ ಅದೇ ರಾಜ್ಯದ ಕಪ್ಪು ಜನರ ಮಾನಸಿಕ ಆರೋಗ್ಯ ಅಳತೆಗೆ ಸಿಗುವಷ್ಟು ಕುಸಿಯುತ್ತದೆ. ಬಿಳಿಯರಲ್ಲಿ ಅಂಥ ಕುಸಿತ ಕಾಣುವುದಿಲ್ಲ.

ನನ್ನ ವಾದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಒಂದಿದೆ. ಚರ್ಚು, ಬಂಧುಬಳಗ, ತಲೆಮಾರುಗಳಿಂದ ಬಂದ ಸಹನಶಕ್ತಿ ಇವು ಕಪ್ಪು ಜನರನ್ನು ನಿಜಕ್ಕೂ ಕಾಪಾಡುತ್ತಿರಬಾರದೇಕೆ? ಪ್ರಶ್ನೆಗಳ ದೋಷವನ್ನು ಸರಿಪಡಿಸಿ ನೋಡಿದ ಮೇಲೂ ಅಂತರ ಪೂರ್ತಿ ಅಳಿಯುವುದಿಲ್ಲ ಎನ್ನುವ ಸಂಶೋಧಕರಿದ್ದಾರೆ. ಈ ಮಾತಿನಲ್ಲಿ ಸತ್ಯವಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಸಹನಶಕ್ತಿಯೊಂದೇ ಕಾರಣವಾಗಿದ್ದರೆ, ಒಮ್ಮೆ ಬಂದ ಖಿನ್ನತೆ ಬೇಗ ಹೋಗಬೇಕಿತ್ತು. ಅದು ಹೆಚ್ಚು ಕಾಲ ನಿಲ್ಲುತ್ತಿದೆ. ಸಹಿಸುವುದಕ್ಕೆ ತೆರುವ ಬೆಲೆಯೂ ಇದೆ. ಎಲ್ಲ ಅಡ್ಡಿಗಳನ್ನೂ ದುಡಿದೇ ಗೆಲ್ಲುತ್ತೇನೆಂದು ಪಣತೊಟ್ಟವರಲ್ಲಿ, ಕೈಯಲ್ಲಿ ಅನುಕೂಲವಿಲ್ಲದಿದ್ದರೆ, ರಕ್ತದೊತ್ತಡ ಏರುತ್ತದೆಂದು ಶರ್ಮನ್ ಜೇಮ್ಸ್ 1980ರ ದಶಕದಲ್ಲೇ ಉತ್ತರ ಕೆರೊಲೈನಾದ ಕಪ್ಪು ಗಂಡಸರಲ್ಲಿ ತೋರಿಸಿದ್ದರು. ಆತ್ಮಹತ್ಯೆಯ ಪ್ರಮಾಣವೂ ಕಪ್ಪು ಜನರಲ್ಲಿ ಬಹುಕಾಲ ಕಡಿಮೆಯೇ ಇತ್ತು, ಅದನ್ನೂ ಸಹನಶಕ್ತಿಯ ಗುರುತೆಂದೇ ಓದಲಾಗಿತ್ತು. 2018ರಿಂದ 2021ರ ನಡುವೆ 10ರಿಂದ 24ರ ಹರೆಯದ ಕಪ್ಪು ಮಕ್ಕಳು ಮತ್ತು ಯುವಜನರಲ್ಲಿ ಅದು ಶೇ. 36.6ರಷ್ಟು ಏರಿತು. ಸಹನಶಕ್ತಿಯ ಮೇಲೆ ಭಾರ ಹಾಕಿ ಕೂತಿದ್ದವರಿಗೆ ಈ ಏರಿಕೆಗೆ ಉತ್ತರವಿರಲಿಲ್ಲ.

ಇದೆಲ್ಲ ಬಡತನದ ಫಲ, ಬಣ್ಣದ್ದಲ್ಲ ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಉತ್ತರ ಹೆಚ್ಚು ನೇರವಾಗಿದೆ. ರಾಜ್ ಚೆಟ್ಟಿ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಒಂದೇ ಆದಾಯದ ಮನೆಗಳಲ್ಲಿ ಬೆಳೆದ ಕಪ್ಪು ಹುಡುಗರು ಬಿಳಿಯ ಹುಡುಗರಿಗಿಂತ ದೊಡ್ಡವರಾದ ಮೇಲೆ ಕಡಿಮೆ ಗಳಿಸಿದ್ದು ದೇಶದ ಶೇ. 99ರಷ್ಟು ಬಡಾವಣೆಗಳಲ್ಲಿ ಕಂಡುಬಂತು. ಹೆಣ್ಣುಮಕ್ಕಳ ನಡುವೆ ಅಂಥ ಅಂತರವಿರಲಿಲ್ಲ. ಅಪ್ಪ ಅಮ್ಮ ಕಷ್ಟಪಟ್ಟು ಮೇಲೆ ಬಂದರೂ ಮಗನ ಕಾಲಡಿಯ ನೆಲ ಗಟ್ಟಿಯಾಗುವುದಿಲ್ಲವೆಂದರೆ, ಆ ಮಗನ ಹತಾಶೆಯನ್ನು ಬಡತನದ ಖಾತೆಗೆ ಮಾತ್ರ ಬರೆಯಲಾಗದು.

ಹಾಗಿದ್ದರೆ ಈ ಯುವಕರನ್ನು ಎಲ್ಲಿ ಕಾಣಬೇಕು? ಹಾರ್ಲೆಮ್‌ನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ 1946ರಲ್ಲಿ ಲಫಾರ್ಗ್ ಕ್ಲಿನಿಕ್ ತೆರೆಯಿತು. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಮತ್ತು ಕಾದಂಬರಿಕಾರ ರಿಚರ್ಡ್ ರೈಟ್ ಅದರ ಹಿಂದಿದ್ದರು. ಶುಲ್ಕ 25 ಸೆಂಟು. ರೋಗಿ ಬದುಕುವ ಬೀದಿಯಲ್ಲೇ, ಅವನ ಕೈಗೆಟುಕುವ ಬೆಲೆಗೆ, ಜನಾಂಗೀಯ ತಾರತಮ್ಯವನ್ನೂ ರೋಗಕಾರಣವೆಂದು ಒಪ್ಪಿಕೊಂಡು ಚಿಕಿತ್ಸೆ ಕೊಟ್ಟ ಆ ಜಾಗ 1958ರಲ್ಲಿ ಮುಚ್ಚಿತು. ಇತ್ತೀಚೆಗೆ ಲಾಸ್ ಏಂಜಲೀಸ್‌ನ 52 ಕ್ಷೌರದಂಗಡಿಗಳಲ್ಲಿ ರಕ್ತದೊತ್ತಡ ಇಳಿಸಲು ನಡೆದ ಪ್ರಯೋಗ ಅದೇ ದಾರಿಯದು. ಕ್ಷೌರಿಕರು ಗಿರಾಕಿಗಳನ್ನು ಹುರಿದುಂಬಿಸಿ, ಔಷಧತಜ್ಞರು ಅಲ್ಲಿಗೇ ಬಂದು ಮದ್ದು ಕೊಟ್ಟಾಗ ಆರು ತಿಂಗಳಲ್ಲಿ ಮೇಲಿನ ರಕ್ತದೊತ್ತಡ ಸರಾಸರಿ 27 ಅಂಕ ಇಳಿಯಿತು. ಬರಿ ಸಲಹೆ ಸಿಕ್ಕ ಅಂಗಡಿಗಳಲ್ಲಿ 9. ಇದರಿಂದ ಖಿನ್ನತೆಗೂ ಕ್ಷೌರಿಕರೇ ಸಾಕು ಎಂದು ಹೊರಡುವವರನ್ನು ತಡೆಯಬೇಕು. ಆ ಪ್ರಯೋಗ ಗೆದ್ದದ್ದು ಅಂಗಡಿಗೆ ತಜ್ಞರು ಬಂದದ್ದರಿಂದ. ಅಮೆರಿಕದ ಮನಶ್ಶಾಸ್ತ್ರಜ್ಞರಲ್ಲಿ ಕಪ್ಪು ಜನ ನೂರಕ್ಕೆ ಸುಮಾರು ನಾಲ್ಕು ಮಂದಿಯಷ್ಟೇ ಇರುವಾಗ, ಕುರ್ಚಿಯಲ್ಲಿ ಕೂತು ಕೊನೆಗೂ ಬಾಯಿಬಿಟ್ಟ ಯುವಕನನ್ನು ಕ್ಷೌರಿಕ ಯಾರ ಬಳಿಗೆ ಕಳಿಸಬೇಕು? ಮುಂದಿನ ರಾಷ್ಟ್ರೀಯ ಸಮೀಕ್ಷೆ ಸೆರೆಮನೆಗಳನ್ನೂ ಒಳಗೊಳ್ಳಬೇಕು, ಸಿಟ್ಟು ಮತ್ತು ನಿದ್ದೆಗೇಡಿನ ಪ್ರಶ್ನೆಗಳನ್ನು ಸೋಸುವ ಪ್ರಶ್ನೆಗಳ ಜಾಗದಲ್ಲೇ ಕೇಳಬೇಕು, ಖಿನ್ನತೆ ಎಷ್ಟು ಜನರಿಗಿದೆ ಎಂಬುದರ ಜೊತೆಗೆ ಎಷ್ಟು ಕಾಲದಿಂದ ಇದೆ ಎಂಬುದನ್ನೂ ಮುಖ್ಯ ಅಂಕಿಯಾಗಿಯೇ ಪ್ರಕಟಿಸಬೇಕು. ವೈದ್ಯರ ಹುದ್ದೆಗಳಿಗೂ ಕ್ಲಿನಿಕ್ಕುಗಳಿಗೂ ಹಣ ಹಂಚುವವರು ನೋಡುವುದು ಆ ಮುಖ್ಯ ಅಂಕಿಯನ್ನೇ.