ಎದೆಯ ಬಿಲ್ಲೆ, ಕಣ್ಣಿನ ಲೆಕ್ಕ

ನಮ್ಮ ಮುಂಬಯಿಯ ಆಸ್ಪತ್ರೆಗಳಲ್ಲಿ ಕ್ಷ-ಕಿರಣದ ನಡುವೆ ದುಡಿಯುವವರು ಎದೆಯ ಮೇಲೆ ಒಂದು ಚಿಕ್ಕ ಬಿಲ್ಲೆ ಧರಿಸುತ್ತಾರೆ. ನೋಡಿದವರು ಅದನ್ನು ಗುರುತಿನ ಚೀಟಿಯೆಂದು ತಿಳಿಯುವುದುಂಟು. ಅದು ಮೈಗೆ ತಗಲಿದ ವಿಕಿರಣವನ್ನು ಅಳೆಯುವ ಸಾಧನ. ಅದರ ಚರಿತ್ರೆಯಲ್ಲಿ ಮುಂಬಯಿಯ ಪಾಲು ದೊಡ್ಡದು. ಆದರೆ ಕಣ್ಣಿನ ಲೆಕ್ಕ ಮಾತ್ರ ಬಹುಕಾಲ ಹಿಂದುಳಿಯಿತು.

ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ಮರುವರ್ಷವೇ ಅದರ ಪ್ರಯೋಗಕ್ಕಿಳಿದ ಎಡಿಸನ್ನರಿಗೆ ಕಣ್ಣಿನ ತೊಂದರೆ ಕಾಣಿಸಿತು. ವಿಕಿರಣದಿಂದ ಕೈಗಳನ್ನೇ ಕಳೆದುಕೊಂಡ ಅವರ ಸಹಾಯಕ ಕ್ಲಾರೆನ್ಸ್ ಡಾಲಿ 1904ರಲ್ಲಿ ತೀರಿಕೊಂಡರು. ಅಮೆರಿಕೆಯ ಸೈಕ್ಲೋಟ್ರಾನ್ ವಿಜ್ಞಾನಿಗಳಲ್ಲಿ ಕಣ್ಣಿನ ಪೊರೆ ಬಂದ ಸಂಗತಿ 1949ರಲ್ಲಿ ಪ್ರಕಟವಾಯಿತು. ಕಣ್ಣಿನ ಮಸೂರವು ಹಾಳಾದ ಕೋಶಗಳನ್ನು ಹೊರಹಾಕಲಾರದು. ನೋವೇ ಇಲ್ಲದೆ, ವರ್ಷಗಳ ಬಳಿಕ ಅದು ಮಬ್ಬಾಗುತ್ತದೆ. ಆದ್ದರಿಂದಲೇ ಮುಂಚಿತವಾದ ಅಳತೆ ಬೇಕು.

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ತೆರೆಯಿತು. ಟ್ರಾಂಬೆಯ ಪರಮಾಣು ಸಂಸ್ಥೆ 1954ರಲ್ಲಿ ಹುಟ್ಟಿ, 1967ರಲ್ಲಿ ಭಾಭಾ ಅವರ ಹೆಸರು ಪಡೆಯಿತು. ಮೊದಲು ಬಳಕೆಯಲ್ಲಿದ್ದ ಫಿಲ್ಮ್ ಬಿಲ್ಲೆಗಳ ಬದಲಿಗೆ, 1975ರಲ್ಲಿ ಈ ಸಂಸ್ಥೆಯ ಟಿ.ಎಲ್.ಡಿ. ಬಿಲ್ಲೆಗಳು ಬಂದವು. ಆಗ ಅಲ್ಲಿನ ನಿರ್ದೇಶಕರು ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು. ಬಿಲ್ಲೆಯೊಳಗಿನ ತಟ್ಟೆಗಳನ್ನು ಕಾಯಿಸಿದರೆ ಅವು ಬೆಳಕು ಸೂಸುತ್ತವೆ. ಆ ಬೆಳಕಿನ ಪ್ರಮಾಣದಿಂದ ತಗಲಿದ ವಿಕಿರಣ ತಿಳಿಯುತ್ತದೆ. 1983ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯೂ ಸ್ಥಾಪನೆಯಾಯಿತು.

ಹಾಗಾದರೆ ಕಣ್ಣಿನ ಲೆಕ್ಕದ ತೊಡಕೇನು? ಹೃದಯದ ರಕ್ತನಾಳಗಳನ್ನು ಪರೀಕ್ಷಿಸುವಾಗ ವೈದ್ಯರೂ ದಾದಿಯರೂ ರೋಗಿಯ ಪಕ್ಕದಲ್ಲೇ ನಿಲ್ಲುತ್ತಾರೆ. ರೋಗಿಯ ಮೈಗೆ ಬಡಿದ ಕಿರಣಗಳು ಚೆದುರಿ ಅವರ ಮುಖದತ್ತ ಬರುತ್ತವೆ. ಎದೆಯ ಬಿಲ್ಲೆ ಇರುವುದು ಸೀಸದ ಮೇಲಂಗಿಯ ಮರೆಯಲ್ಲಿ. ಕಣ್ಣಿಗೆ ಆ ಮರೆಯಿಲ್ಲ. ಬಿಲ್ಲೆಯ ಅಂಕಿ ಕಡಿಮೆಯಿದ್ದ ಮಾತ್ರಕ್ಕೆ ಕಣ್ಣು ಕ್ಷೇಮವೆಂದು ಹೇಳಲಾಗದು. ಅದಕ್ಕಾಗಿ ಮೇಲಂಗಿಯ ಹೊರಗೆ ಕುತ್ತಿಗೆಯ ಬಳಿ ಇನ್ನೊಂದು ಬಿಲ್ಲೆ ಇಟ್ಟು ಅಂದಾಜು ಮಾಡಬಹುದು. ಕಣ್ಣಿನ ಪಕ್ಕದಲ್ಲೇ ಪುಟ್ಟ ಮಾಪಕ ಕಟ್ಟಿದರೆ ಇನ್ನೂ ಉತ್ತಮ. ಮಸೂರ ಇರುವ ಸುಮಾರು 3 ಮಿಲಿಮೀಟರ್ ಆಳಕ್ಕೆ ಈ ಲೆಕ್ಕ ಹಾಕುತ್ತಾರೆ.

ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು 1990ರ ಶಿಫಾರಸಿನಲ್ಲಿ ಕಣ್ಣಿಗೆ ವರ್ಷಕ್ಕೆ 150 ಮಿಲಿಸೀವರ್ಟ್ ಮಿತಿ ಹೇಳಿತ್ತು. 2011ರಲ್ಲಿ ಅದನ್ನು ಐದು ವರ್ಷಗಳ ಸರಾಸರಿಯಲ್ಲಿ 20ಕ್ಕೆ ಇಳಿಸಿತು. ಯಾವ ವರ್ಷವೂ 50 ಮೀರಬಾರದೆಂದಿತು. ಅಂದರೆ ಹಿಂದೆ ಸಾಕೆಂದುಕೊಂಡ ಎಚ್ಚರ ಸಾಲದಾಗಿತ್ತು.

ನಮ್ಮ ಮನೆಗಳಲ್ಲೂ ದಾದಿಯರು, ತಂತ್ರಜ್ಞರು, ವೈದ್ಯರು ಇದ್ದಾರೆ. ಸೀಸದ ಗಾಜಿನ ಕನ್ನಡಕ, ಮೇಲಿನಿಂದ ತೂಗುಬಿಟ್ಟ ಸೀಸದ ಗಾಜಿನ ತಡೆ ಇವು ಅವರಿಗೆ ಕೆಲಸದ ಜಾಗದಲ್ಲಿ ಸಿಗುತ್ತಿವೆಯೇ, ಕಣ್ಣಿನ ಲೆಕ್ಕವನ್ನು ಯಾರಾದರೂ ಬರೆದಿಡುತ್ತಿದ್ದಾರೆಯೇ ಎಂದು ಒಮ್ಮೆ ವಿಚಾರಿಸೋಣ.