ಯಂತ್ರದ ಜ್ವರವನ್ನು ಅಳೆದ ಕಥೆ

ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳಲ್ಲಿ ವಿಜ್ಞಾನ ಕಲಿಸಿ, ಕೊನೆಗೆ ಜಗಳೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಿಂದ ನಿವೃತ್ತನಾದವನು ನಾನು. ನನ್ನ ಬಳಿ ಕಲಿತ ಹಲವರು ಇಂದು ಕಂಪ್ಯೂಟರ್ ವೃತ್ತಿಯಲ್ಲೇ ಇದ್ದೀರಿ. ನಿಮಗೆ ಈ ಬರಹ ಬಾಲಪಾಠವೆನಿಸಬಹುದು. ಆದರೆ ಇದರಲ್ಲಿ ನಾನು ತೀರಿಸಬೇಕಾದ ಒಂದು ಹಳೆಯ ಋಣವೂ ಇದೆ.

ಅದು 2004ರ ಬೇಸಿಗೆ. ಶಾಲೆಯ ಕಂಪ್ಯೂಟರ್ ಕೊಠಡಿಯ ಹೊಣೆ ನನ್ನದಾಗಿತ್ತು. ಅಲ್ಲಿನ ಒಂದು ಯಂತ್ರ ಮಧ್ಯಾಹ್ನವಾಗುತ್ತಲೇ ತಾನಾಗಿ ಆರಿಹೋಗುತ್ತಿತ್ತು. ಇಂಜಿನಿಯರಿಂಗ್ ಓದುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಊರಿಗೆ ಬಂದಿದ್ದ. "ನಾನು ನೋಡ್ತೀನಿ ಸಾರ್" ಎಂದು ಸಿ.ಡಿ.ಯೊಂದರಿಂದ ಲಿನಕ್ಸ್ ಹಾಕಿ, ಯಂತ್ರದೊಳಗಿನ ಅಳತೆಗಳನ್ನು ಪರದೆಯ ಮೇಲೆ ತಂದ. ಮೂರು ಸಾಲುಗಳು ಇಂದಿಗೂ ನೆನಪಿವೆ: ಪ್ರಾಸೆಸರ್ ಉಷ್ಣತೆ 78 ಡಿಗ್ರಿ, ಇನ್ನೊಂದು ಉಷ್ಣತೆ 127 ಡಿಗ್ರಿ, ಫ್ಯಾನಿನ ವೇಗ ಸೊನ್ನೆ.

ನೀರು ಕುದಿಯುವುದು ನೂರು ಡಿಗ್ರಿಗೆ ಎಂದು ಮೂವತ್ತು ವರ್ಷ ಪಾಠ ಹೇಳಿದ ನನಗೆ 127 ಕಂಡು ಗಾಬರಿಯಾಯಿತು. ಸರ್ಕಾರದ ಯಂತ್ರವನ್ನು ಹಾಳುಮಾಡಿದೆಯೆಂದು ಕಿರಿಯ ಮಕ್ಕಳೆದುರೇ ಅವನನ್ನು ಗದರಿಸಿದೆ. ಅವನು 78ರ ಸಾಲಿನತ್ತ ಬೆರಳು ತೋರಿಸಿ ಏನೋ ಹೇಳಲು ಹೊರಟ. ನಾನು ಕೇಳಲಿಲ್ಲ. ತಲೆ ತಗ್ಗಿಸಿ ಹೋದ.

ಹದಿನೈದು ದಿನಗಳಲ್ಲಿ ಆ ಯಂತ್ರ ಪೂರ್ತಿ ಕೆಟ್ಟಿತು. ರಿಪೇರಿಯವರು ಬಿಚ್ಚಿದಾಗ ಹೀಟ್‌ಸಿಂಕಿನ ಸಂದುಗಳಲ್ಲೆಲ್ಲ ಧೂಳು ಮೆತ್ತಿಕೊಂಡಿತ್ತು. ಫ್ಯಾನು ಮಾತ್ರ ನಿಧಾನವಾಗಿ ತಿರುಗುತ್ತಲೇ ಇತ್ತು. ಹಾಗಾದರೆ 127 ಏನು? ಸೊನ್ನೆ ಏನು? ಉತ್ತರ ತಿಳಿಯಲು ನಾನು ಈ ವಿಷಯದ ಇತಿಹಾಸವನ್ನೇ ಓದಬೇಕಾಯಿತು.

ಹಿಂದಿನ 386ರಂಥ ಪ್ರಾಸೆಸರುಗಳು ಸಾಮಾನ್ಯವಾಗಿ ಫ್ಯಾನಿಲ್ಲದೆಯೇ ನಡೆಯುತ್ತಿದ್ದವು. 1993ರಲ್ಲಿ ಪೆಂಟಿಯಂ ಬಂದ ಮೇಲೆ ವೇಗದೊಡನೆ ಶಾಖವೂ ಏರಿತು. ಶಾಖವನ್ನು ಅಳೆಯುವ ಅಗತ್ಯವೂ ಹುಟ್ಟಿತು. ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯ ಎಲ್‌ಎಂ75, ಎಲ್‌ಎಂ78 ಚಿಪ್‌ಗಳು ಮದರ್‌ಬೋರ್ಡಿಗೆ ಬಂದವು. ಇಂಥ ಚಿಪ್‌ಗಳೊಡನೆ ಮಾತನಾಡಲು ಎರಡೇ ತಂತಿ ಸಾಕು. ಆ ಎರಡು ತಂತಿಯ ವಿಧಾನವನ್ನು ಫಿಲಿಪ್ಸ್ ಸಂಸ್ಥೆ 1980ರ ದಶಕದ ಆರಂಭದಲ್ಲಿ ರೂಪಿಸಿತ್ತು. ಅದನ್ನೇ ಆಧರಿಸಿ 1995ರಲ್ಲಿ ಇಂಟೆಲ್ ‘ಎಸ್‌ಎಂಬಸ್’ ಎಂಬುದನ್ನು ತಂದಿತು. ಚಿಪ್ ಕೊಡುವ ಅಂಕಿಯನ್ನು ಮನುಷ್ಯರಿಗೆ ಅರ್ಥವಾಗುವಂತೆ ಮಾಡುವುದು ಡ್ರೈವರಿನ ಕೆಲಸ. ಲಿನಕ್ಸಿಗಾಗಿ 1998ರ ಸುಮಾರಿಗೆ ಫ್ರೋಡೋ ಲೋಯಾರ್ಡ್, ಫಿಲಿಪ್ ಎಡೆಲ್‌ಬ್ರಾಕ್ ಮೊದಲಾದವರು ‘ಎಲ್‌ಎಂ ಸೆನ್ಸರ್ಸ್’ ಯೋಜನೆಯಲ್ಲಿ ಇಂಥ ಡ್ರೈವರುಗಳನ್ನು ಬರೆದರು. 2003ರ ಡಿಸೆಂಬರಿನಲ್ಲಿ ಬಂದ 2.6ನೆಯ ಕರ್ನೆಲ್‌ನೊಳಗೇ ಅವುಗಳಲ್ಲಿ ಹಲವು ಸೇರಿದವು.

ಡ್ರೈವರೆಂದರೇನೆಂದು ತಿಳಿಯಲು ನಮ್ಮ ಮಳೆಮಾಪಕವನ್ನು ನೆನೆಯಿರಿ. ತಾಲ್ಲೂಕು ಕಚೇರಿಯ ಅಂಗಳದಲ್ಲಿ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುವುದನ್ನು ನೀವೂ ಕಂಡಿದ್ದೀರಿ. ಆಲಿಕೆಯ ಬಾಯಿ 100 ಚದರ ಸೆಂ.ಮೀ. ಇದ್ದರೆ ಅಳತೆಗಾಜೂ ಅದಕ್ಕೇ ಹೊಂದುವಂಥದಿರಬೇಕು. 200 ಚದರ ಸೆಂ.ಮೀ. ಆಲಿಕೆಯ ಗಾಜಿನಿಂದ ಅದೇ ನೀರನ್ನಳೆದರೆ ಬಿದ್ದ ಮಳೆ ಅರ್ಧವೆಂದು ದಾಖಲಾಗುತ್ತದೆ. ನೀರು ಸುಳ್ಳಲ್ಲ, ಆಲಿಕೆಯೂ ಸುಳ್ಳಲ್ಲ, ಗಾಜು ತಪ್ಪು. ಡ್ರೈವರ್ ಆ ಅಳತೆಗಾಜು.

ಈಗ ಸೊನ್ನೆಯ ರಹಸ್ಯ. ಫ್ಯಾನು ಸುತ್ತಿದಂತೆ ಮಿಡಿತಗಳನ್ನು ಕಳಿಸುತ್ತದೆ. ಎರಡು ಮಿಡಿತಗಳ ನಡುವಿನ ಅವಧಿಯನ್ನು ಎಲ್‌ಎಂ78ರಂಥ ಚಿಪ್ ಎಣಿಸುತ್ತದೆ. ಎಣಿಕೆ 255ನ್ನು ಮೀರಲಾರದು. 13,50,000ವನ್ನು ಆ ಎಣಿಕೆ ಮತ್ತು ‘ವಿಭಾಜಕ’ ಎಂಬ ಅಂಕಿಯ ಗುಣಲಬ್ಧದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ದೊರೆಯುತ್ತದೆ. ವಿಭಾಜಕ 2 ಆಗಿದ್ದರೆ, ಸುಮಾರು 2,650ಕ್ಕಿಂತ ನಿಧಾನವಾಗಿ ಸುತ್ತುವ ಫ್ಯಾನಿಗೆ ಎಣಿಕೆ ತುಂಬಿಹೋಗಿ ಸೊನ್ನೆ ಕಾಣುತ್ತದೆ. ವಿಭಾಜಕವನ್ನು 4 ಮಾಡಿದರೆ ಅದೇ ಫ್ಯಾನಿನ ನಿಜವಾದ ವೇಗ ಕಾಣಬಹುದು.

127 ಇನ್ನೂ ಸರಳ. ಎಂಟು ಬಿಟ್‌ಗಳಲ್ಲಿ ಋಣ ಸಂಖ್ಯೆಗಳಿಗೂ ಜಾಗ ಬಿಟ್ಟರೆ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 127. ಚಿಪ್ಪಿನ ಕಾಲಿಗೆ ಸಂವೇದಕವನ್ನೇ ಜೋಡಿಸದಿದ್ದರೆ ಇಂಥ ತುತ್ತತುದಿಯ ಅಂಕಿ ಬರುತ್ತದೆ. ಅದು ಉಷ್ಣತೆಯಲ್ಲ, "ಇಲ್ಲಿ ಏನೂ ಇಲ್ಲ" ಎಂಬ ಉತ್ತರ. ವೋಲ್ಟೇಜಿನ ಕಥೆಯೂ ಹೀಗೆಯೇ. ಎಲ್‌ಎಂ78 ಅಳೆಯಬಲ್ಲದ್ದು ಸುಮಾರು 4 ವೋಲ್ಟ್‌ಗಳವರೆಗೆ ಮಾತ್ರ. 12 ವೋಲ್ಟನ್ನು ರೋಧಕಗಳಿಂದ ತಗ್ಗಿಸಿ ಅದಕ್ಕೆ ಕೊಡುತ್ತಾರೆ. ಒಂದೊಂದು ಮದರ್‌ಬೋರ್ಡಿನ ರೋಧಕಗಳೂ ಬೇರೆಯಾದ್ದರಿಂದ, ಸರಿಯಾದ ಗುಣಕವನ್ನು ಸಂರಚನಾ ಕಡತದಲ್ಲಿ ಬರೆಯದಿದ್ದರೆ ಆರೋಗ್ಯವಂತ ಯಂತ್ರವೂ ರೋಗಿಯಂತೆ ತೋರುತ್ತದೆ.

ಚಿಪ್ಪನ್ನು ಹುಡುಕುವುದರಲ್ಲೂ ಅಪಾಯವಿತ್ತು. ಆರಂಭದ ವರ್ಷಗಳಲ್ಲಿ ಕೆಲವು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳಲ್ಲಿ, "ಇಲ್ಲಿ ಯಾವ ಚಿಪ್ ಇದೆ?" ಎಂದು ತಂತ್ರಾಂಶ ಕೇಳಿದ ಮಾತ್ರಕ್ಕೇ ಅದೇ ತಂತಿಯ ಮೇಲಿದ್ದ ಸ್ಮೃತಿ ಚಿಪ್ ಕೆಟ್ಟು, ಯಂತ್ರ ಮತ್ತೆ ಏಳದಂತಾಗುತ್ತಿತ್ತು. ಮುಂದೆ ಇಂಥ ಯಂತ್ರಗಳಿಗೆ ಎಚ್ಚರಿಕೆ, ತಡೆಗಳು ಬಂದವು. ಇನ್ನೊಂದು ತೊಡಕೆಂದರೆ, ಒಂದೇ ಚಿಪ್ಪನ್ನು ಬಯೋಸ್ ಮತ್ತು ಡ್ರೈವರ್ ಎರಡೂ ಕೇಳುವುದು. ಒಂದೇ ಲೆಡ್ಜರಿನಲ್ಲಿ ಇಬ್ಬರು ಗುಮಾಸ್ತರು ಬರೆದಂತೆ. ಅದಕ್ಕಾಗಿ 2009ರಿಂದ ಲಿನಕ್ಸ್, ಅಂಥ ಘರ್ಷಣೆ ಕಂಡರೆ ಡ್ರೈವರನ್ನೇ ತಡೆಯತೊಡಗಿತು.

ಆದ್ದರಿಂದ ಅಂಕಿ ವಿಚಿತ್ರವೆನಿಸಿದರೆ ಕ್ರಮವಾಗಿ ನೋಡಬೇಕು. ಸರಿಯಾದ ಡ್ರೈವರ್ ಬಂದಿದೆಯೇ? ಕರ್ನೆಲ್ಲಿನ ಸಂದೇಶಗಳಲ್ಲಿ ಘರ್ಷಣೆಯ ಸುಳಿವಿದೆಯೇ? ಬಯೋಸ್ ತೋರಿಸುವ ಅಂಕಿಗೂ ಇದಕ್ಕೂ ಹೊಂದುತ್ತದೆಯೇ? ಯಂತ್ರಕ್ಕೆ ಕೆಲಸ ಕೊಟ್ಟಾಗ ಅಂಕಿ ಏರಿ, ಬಿಟ್ಟಾಗ ಇಳಿಯುತ್ತದೆಯೇ? ನಿಜವಾದ ಶಾಖ ಏರಿಳಿಯುತ್ತದೆ. ಜೋಡಿಸದ ಕಾಲಿನ 127 ಕಲ್ಲಿನಂತೆ ಕೂತಿರುತ್ತದೆ. ಆ ದಿನ ಹತ್ತು ನಿಮಿಷ ತಾಳಿದ್ದರೆ 78 ಮಾತ್ರ ಏರುತ್ತಿದ್ದುದನ್ನು ನಾನೂ ಕಾಣುತ್ತಿದ್ದೆ.

ಇದು ಬರಿಯ ಕಂಪ್ಯೂಟರಿನ ಮಾತಲ್ಲ. 1988ರಲ್ಲಿ ಕರ್ನಾಟಕದಲ್ಲಿ ಬರದ ಉಸ್ತುವಾರಿಗೆಂದು ಆರಂಭವಾದ ಘಟಕವೇ ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗಳಲ್ಲಿ ಅದು ದೂರಮಾಪನ ಮಳೆಮಾಪಕಗಳನ್ನು ನಿಲ್ಲಿಸಿದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ ಬೆಳೆಗಾರನಿಗೆ ಪರಿಹಾರ ಬರುವುದೂ ಬಾರದಿರುವುದೂ ಇಂಥ ಮಾಪಕದ ಅಂಕಿಯ ಮೇಲೆ ನಿಂತಿದೆ. ಆಲಿಕೆಯ ಬಾಯಿಗೆ ಒಂದು ಎಲೆ ಅಡ್ಡಬಿದ್ದರೂ ಲೆಕ್ಕ ತಪ್ಪುತ್ತದೆ. ಚನ್ನಗಿರಿಯ ತೋಟದವನು "ನಮ್ಮ ಊರಿನ ಅಂಕಿ ಸರಿಯಿಲ್ಲ" ಎಂದಾಗ ಅವನನ್ನು ಗದರಿಸುವ ಮೊದಲು ಮಾಪಕವನ್ನು ನೋಡಬೇಕು. ನೋಡದೆ ಗದರಿಸಿದವನೇ ನಾನು. ಆದ್ದರಿಂದ ಈ ಮಾತು ಹೇಳುವ ಧೈರ್ಯ ಬಂದಿದೆ.

ಅಂದು ಪರದೆಯ ಮೇಲಿದ್ದ ಮೂರು ಅಂಕಿಗಳಲ್ಲಿ ಎರಡು ಸುಳ್ಳು, ಒಂದು ನಿಜ. ಎರಡು ಸುಳ್ಳನ್ನು ನಂಬಿ, ನಿಜವನ್ನು ತೋರಿಸಿದವನನ್ನು ಹೊರಗೆ ಕಳಿಸಿದೆ. ಯಂತ್ರ ಕೆಟ್ಟದ್ದರ ನಷ್ಟ ಸಣ್ಣದು. ಸರಿಯಾಗಿ ನೋಡಿ ಹೇಳಿದರೂ ಮೇಷ್ಟ್ರು ಬೈಯುತ್ತಾರೆ ಎಂಬ ಪಾಠವನ್ನು ಅಂದು ಆ ಕೊಠಡಿಯಲ್ಲಿದ್ದ ಮಕ್ಕಳಿಗೆ ಕಲಿಸಿದೆನಲ್ಲ, ಅದು ದೊಡ್ಡದು.

ಅವನ ಹೆಸರನ್ನು ಬರೆಯುವುದಿಲ್ಲ. ಓದಿದರೆ ಅವನಿಗೆ ತಿಳಿಯುತ್ತದೆ. ಮಗೂ, ತಪ್ಪು ನನ್ನದು. ಊರ ಕಡೆ ಬಂದಾಗ ಮನೆಗೆ ಬಾ. ಅಂದು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಪೂರ್ತಿ ಹೇಳು. ಈ ಸಲ ಕೇಳುತ್ತೇನೆ.