ವೃದ್ಧರ ಮನೆಬಾಗಿಲಿಗೆ ಅನ್ನ: ದಾನ ಮತ್ತು ಅನುದಾನ

ಮುಪ್ಪಿನಿಂದಲೋ ರೋಗದಿಂದಲೋ ಒಲೆ ಹೊತ್ತಿಸಲಾರದವರಿಗೆ ಸಿದ್ಧವಾದ ಊಟವನ್ನು ಮನೆಬಾಗಿಲಿಗೆ ಮುಟ್ಟಿಸುವ ಏರ್ಪಾಡು ಬ್ರಿಟನ್ ಮತ್ತು ಅಮೆರಿಕಗಳಲ್ಲಿ ‘ಮೀಲ್ಸ್ ಆನ್ ವೀಲ್ಸ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಇದರ ವೆಚ್ಚವನ್ನು ಸರಕಾರದ ಬೊಕ್ಕಸ ಹೊರಬೇಕೋ, ಉದಾರಿಗಳು ಹೊರಬೇಕೋ ಎಂಬ ವಾದ ಆ ನಾಡುಗಳಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ. ಆದರೆ ಇವೆರಡೂ ಎಂದೂ ಒಂದನ್ನೊಂದು ಬಿಟ್ಟು ನಿಂತಿಲ್ಲವೆಂಬುದೂ, ತೊಡಕು ಬೇರೊಂದೆಡೆ ಇದೆಯೆಂಬುದೂ ಅದರ ಚರಿತ್ರೆಯನ್ನು ನೋಡಿದರೆ ತಿಳಿದುಬರುತ್ತದೆ.

ಬ್ರಿಟನ್ನಿನಲ್ಲಿ ಈ ಸೇವೆ ಮೊಳೆತದ್ದು ಎರಡನೆಯ ಮಹಾಯುದ್ಧದ ನಡುವೆ. 1938ರಲ್ಲಿ ಲೇಡಿ ರೀಡಿಂಗ್ ಅವರ ನೇತೃತ್ವದಲ್ಲಿ ಸ್ಥಾಪಿತವಾಗಿದ್ದ ಮಹಿಳಾ ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆಯರು 1943ರಲ್ಲಿ ಹೆಮೆಲ್ ಹೆಂಪ್‌ಸ್ಟೆಡ್ ಪಟ್ಟಣದಲ್ಲಿ ಮನೆಮನೆಗೆ ಊಟ ಒಯ್ಯತೊಡಗಿದರು. ಆರಂಭದಲ್ಲಿ ಕೂಸುಗಳ ಹಳೆಯ ತಳ್ಳುಗಾಡಿಗಳೇ ಅವರ ವಾಹನಗಳಾಗಿದ್ದವೆಂದು ಹೇಳುತ್ತಾರೆ. ಇದನ್ನು ಶುದ್ಧ ಧರ್ಮಕಾರ್ಯವೆಂದು ಕೊಂಡಾಡುವವರು ಒಂದು ಸಂಗತಿಯನ್ನು ಮರೆಯುವುದುಂಟು. ಆ ಸಂಸ್ಥೆ ಹುಟ್ಟಿದ್ದು ಅಂದಿನ ಗೃಹಮಂತ್ರಿ ಸರ್ ಸ್ಯಾಮ್ಯುಯಲ್ ಹೋರ್ ಅವರ ಕೋರಿಕೆಯಿಂದ. ಅದರ ಆಡಳಿತದ ವೆಚ್ಚವನ್ನು ಭರಿಸಿದ್ದು ಗೃಹ ಇಲಾಖೆ. ಮಹಿಳೆಯರ ದುಡಿಮೆ ದಾನವಾಗಿತ್ತು, ನಿಜ. ಆ ದುಡಿಮೆಯನ್ನು ಒಗ್ಗೂಡಿಸಿದ ವ್ಯವಸ್ಥೆ ತೆರಿಗೆಯ ಹಣದಿಂದ ನಡೆಯಿತು.

ಯುದ್ಧಾನಂತರ ಅಟ್ಲಿ ಸರಕಾರವು 1948ರಲ್ಲಿ ತಂದ ರಾಷ್ಟ್ರೀಯ ಸಹಾಯ ಶಾಸನ ಹಳೆಯ ಬಡವರ ಕಾಯಿದೆಗೆ ಮಂಗಳ ಹಾಡಿತು. ಆ ಕಾಯಿದೆಯ ಕಾಲದಲ್ಲಿ ದಿಕ್ಕಿಲ್ಲದ ವೃದ್ಧರ ಪಾಲಿಗೆ ಉಳಿದಿದ್ದುದು ‘ವರ್ಕ್‌ಹೌಸ್’ ಎಂಬ ದುಡಿಮೆಯ ಮನೆ. ಅಲ್ಲಿಯ ಅನ್ನದೊಡನೆ ಅಂಟಿಕೊಂಡು ಬರುತ್ತಿದ್ದ ಅಪಮಾನಕ್ಕೆ ಅಂಜಿ ಹಸಿದೇ ಇದ್ದವರುಂಟು. ಹೊಸ ಶಾಸನ ಈ ಅಂಜಿಕೆಯನ್ನು ಕಳೆಯಲು ಬಂದದ್ದು. ಆದರೆ ಅದರ 31ನೆಯ ವಿಧಿ ವಿಚಿತ್ರವಾದುದು. ವೃದ್ಧರ ಊಟಕ್ಕಾಗಿ ಸ್ಥಳೀಯ ಮಂಡಳಿಗಳು ಸ್ವಯಂಸೇವಾ ಸಂಸ್ಥೆಗಳಿಗೆ ಹಣ ಕೊಡಬಹುದಾಗಿತ್ತು. ತಾವೇ ಅಡಿಗೆ ಮಾಡಿಸಿ ಕಳುಹಿಸುವ ಅಧಿಕಾರ ಅವಕ್ಕೆ ಇರಲಿಲ್ಲ. ಪೆಟ್ಟಿಗೆಯ ಕೀಲಿಕೈ ಮಂಡಳಿಯಲ್ಲಿ, ಸೌಟು ಸಂಸ್ಥೆಯಲ್ಲಿ! ಕಾರ್ಯಕರ್ತೆಯರು ಸಾಕಷ್ಟು ದೊರೆತ ಊರಿನಲ್ಲಿ ಊಟ ಬಂದಿತು, ದೊರೆಯದ ಊರಿನಲ್ಲಿ ಇಲ್ಲವಾಯಿತು. ಬಂದಲ್ಲಿಯೂ 1950ರ ದಶಕದಲ್ಲಿ ಬಹುಪಾಲು ವಾರಕ್ಕೆ ಒಂದೋ ಎರಡೋ ದಿನ ಮಾತ್ರ. ಉಳಿದ ದಿನಗಳ ಹಸಿವು ಯಾರ ಹೊಣೆಯೂ ಆಗಿರಲಿಲ್ಲ. 1962ರ ತಿದ್ದುಪಡಿಯಿಂದ ಮಂಡಳಿಗಳಿಗೆ ನೇರವಾಗಿ ಊಟ ಒದಗಿಸುವ ಅಧಿಕಾರ ದೊರೆಯಿತು. ಅಧಿಕಾರ ದೊರೆಯಿತೇ ಹೊರತು ಅದು ಕರ್ತವ್ಯವೆಂದು ವಿಧಿಸಲ್ಪಡಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಅಮೆರಿಕದಲ್ಲಿ ಈ ಕಾರ್ಯ 1954ರಲ್ಲಿ ಫಿಲಡೆಲ್ಫಿಯ ನಗರದಲ್ಲಿ ಆರಂಭವಾಯಿತು. ಊಟ ಹೊತ್ತು ತಂದವರಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳೂ ಇದ್ದರು. ಒಕ್ಕೂಟ ಸರಕಾರ ಇದರಲ್ಲಿ ಕೈಯಿಟ್ಟದ್ದು ತಡವಾಗಿ. 1965ರ ಜುಲೈ ತಿಂಗಳಲ್ಲಿ ಅಧ್ಯಕ್ಷ ಜಾನ್ಸನ್ ಅವರು ಎರಡು ಶಾಸನಗಳಿಗೆ ಅಂಕಿತ ಹಾಕಿದರು: 14ರಂದು ಹಿರಿಯ ಅಮೆರಿಕನ್ನರ ಶಾಸನ, 30ರಂದು ಮೆಡಿಕೇರ್. ಹದಿನಾರು ದಿನಗಳ ಅಂತರದಲ್ಲಿ ಹುಟ್ಟಿದ ಈ ಎರಡರ ಜಾತಕ ಮಾತ್ರ ಬೇರೆ. ಮೆಡಿಕೇರ್ ಅರ್ಹರಾದ ವೃದ್ಧರೆಲ್ಲರ ಹಕ್ಕು. ಚಿಕಿತ್ಸೆ ಪಡೆಯುವವರು ಹೆಚ್ಚಿದರೆ ವೆಚ್ಚವೂ ಹೆಚ್ಚಲೇಬೇಕು. ಹಿರಿಯರ ಶಾಸನದ ಹಣ ಕಾಂಗ್ರೆಸ್ ಸಭೆ ವರ್ಷವರ್ಷವೂ ಮಂಜೂರು ಮಾಡುವಷ್ಟೇ. ಈ ಶಾಸನದಲ್ಲಿ 1972ರಲ್ಲಿ ಊಟದ ಯೋಜನೆ ಸೇರಿತು. ಅದು ಮುಖ್ಯವಾಗಿ ಒಂದೆಡೆ ಕೂಡಿ ಉಣ್ಣುವವರಿಗೆ. ಮನೆಗೆ ತಲುಪಿಸುವ ಊಟಕ್ಕೆ ಪ್ರತ್ಯೇಕ ಹಣ ಮೀಸಲಾದದ್ದು 1978ರ ತಿದ್ದುಪಡಿಯಿಂದ. 60 ವರ್ಷ ತುಂಬಿದವರ ಆದಾಯವನ್ನು ಕೆದಕಿ ಅರ್ಹತೆ ಅಳೆಯಬಾರದು, ಉಂಡವರು ಇಚ್ಛೆಯಿದ್ದಷ್ಟು ಕಾಣಿಕೆ ಕೊಡಬಹುದು, ಕೊಡದವರಿಗೆ ಊಟ ನಿರಾಕರಿಸಬಾರದು ಎಂಬ ನಿಯಮ ಇದರಲ್ಲಿ ಶ್ಲಾಘ್ಯವಾದುದು. ಬಡವನೆಂಬ ಹಣೆಪಟ್ಟಿಯನ್ನು ಅದು ಕಿತ್ತುಹಾಕಿತು. ಆದರೆ ಮಂಜೂರಾದ ಹಣ ಮುಗಿದಲ್ಲಿ ಕಾಯುವವರ ಪಟ್ಟಿ ಬೆಳೆಯುತ್ತದೆ. ಆಸ್ಪತ್ರೆಯ ಹಾಸಿಗೆ ಹಕ್ಕಾಯಿತು. ಆ ಹಾಸಿಗೆಯನ್ನು ತಪ್ಪಿಸಬಹುದಾದ ತುತ್ತು ಕೃಪೆಯಾಗಿಯೇ ಉಳಿಯಿತು.

ಈ ಬಿರುಕು ಕಣ್ಣಿಗೆ ಕಂಡದ್ದು ನ್ಯೂಯಾರ್ಕಿನಲ್ಲಿ. ಅಲ್ಲಿ ಸರಕಾರದ ಹಣದಿಂದ ಮನೆಗೆ ಬರುತ್ತಿದ್ದ ಊಟ ವಾರಾಂತ್ಯದಲ್ಲಿಯೂ ಹಬ್ಬದ ದಿನಗಳಲ್ಲಿಯೂ ಬರುತ್ತಿರಲಿಲ್ಲ. ಈ ಸುದ್ದಿಯನ್ನು 1981ರಲ್ಲಿ ಪತ್ರಿಕೆಯಲ್ಲಿ ಓದಿದ ಲೇಖಕಿ ಗೇಲ್ ಗ್ರೀನ್, ಪಾಕಶಾಸ್ತ್ರಜ್ಞ ಜೇಮ್ಸ್ ಬಿಯರ್ಡ್ ಅವರೊಡಗೂಡಿ ಹಣ ಸಂಗ್ರಹಿಸಿ, ಆ ವರ್ಷದ ಕ್ರಿಸ್‌ಮಸ್ಸಿಗೆ ಸುಮಾರು 6,000 ವೃದ್ಧರಿಗೆ ಊಟ ಒದಗಿಸಿದರು. ‘ಸಿಟಿಮೀಲ್ಸ್’ ಸಂಸ್ಥೆ ಹುಟ್ಟಿದ್ದು ಹೀಗೆ. ದಾನ ಇಲ್ಲಿ ಅನುದಾನವನ್ನು ಎದುರಿಸಲಿಲ್ಲ. ಅದು ಬಿಟ್ಟ ದಿನಗಳನ್ನು ತುಂಬಿತು. ವಾರದ ಐದು ದಿನಗಳ ಹೊಣೆಯೂ ದಾನಿಗಳ ಮೇಲೆಯೇ ಬಿದ್ದಿದ್ದರೆ ಆ ಸಂಸ್ಥೆಗೆ ತಾಳಿಕೆ ಇರುತ್ತಿತ್ತೇ ಎಂಬುದು ಸಂದೇಹ.

2017ರ ಮಾರ್ಚಿಯಲ್ಲಿ ಅಮೆರಿಕದ ಆಯವ್ಯಯ ನಿರ್ದೇಶಕರು, ಈ ಊಟಕ್ಕೂ ಕೆಲವೆಡೆ ಬಳಕೆಯಾಗುತ್ತಿದ್ದ ಸಮುದಾಯ ಅಭಿವೃದ್ಧಿ ಅನುದಾನವನ್ನು ಕೈಬಿಡುವ ಸಲಹೆಯನ್ನು ಸಮರ್ಥಿಸಿದರು. ಕೂಡಲೇ ದಾನಗಳು ಎಂದಿಲ್ಲದಂತೆ ಹರಿದುಬಂದವು. ಇದನ್ನು ದಾನಬುದ್ಧಿಯ ಜಯವೆಂದು ಹಲವರು ಬಗೆದರು. ಆದರೆ ರೋಷದಿಂದ ಬಂದ ಹಣಕ್ಕೆ ರೋಷದಷ್ಟೇ ಆಯುಷ್ಯ. ವೃದ್ಧರ ಹಸಿವಾದರೋ ದಿನನಿತ್ಯದ್ದು.

ಬ್ರಿಟನ್ನಿನಲ್ಲಿ 1962ರಲ್ಲಿ ಉಳಿದ ಲೋಪದ ಫಲ 2010ರ ನಂತರ ಕಾಣಿಸಿಕೊಂಡಿತು. ಕೇಂದ್ರದ ನೆರವು ಇಳಿದೊಡನೆ ಅನೇಕ ಮಂಡಳಿಗಳು ಈ ಸೇವೆಯನ್ನು ನಿಲ್ಲಿಸಿದವು. ಮನೆಗೆ ಊಟ ಮುಟ್ಟಿಸಲೇಬೇಕೆಂಬ ಕಟ್ಟಳೆ ಇಲ್ಲದಿದ್ದುದರಿಂದ ಅದಕ್ಕೆ ಶಾಸನವನ್ನು ಮುರಿಯಬೇಕಾಗಲಿಲ್ಲ. ಕೆಲವೆಡೆ ಸ್ವಯಂಸೇವಕರು ಮುಂದೆ ಬಂದರು. ಇನ್ನು ಕೆಲವೆಡೆ ಖಾಸಗಿ ಕಂಪನಿಗಳು ಹಲವು ದಿನಗಳ ಊಟವನ್ನು ಹೆಪ್ಪುಗಟ್ಟಿಸಿ ಒಮ್ಮೆಗೇ ತಂದಿರಿಸಿ ಹೋಗುತ್ತವೆ. ಅದನ್ನು ಬಿಸಿಮಾಡಿಕೊಳ್ಳುವ ಕೆಲಸ ವೃದ್ಧರದೇ. ದಿನಕ್ಕೊಮ್ಮೆ ಬಾಗಿಲು ತಟ್ಟಿ, ಒಳಗಿನವರು ಎದ್ದು ಓಡಾಡುತ್ತಿರುವರೇ ಎಂದು ನೋಡಿಹೋಗುತ್ತಿದ್ದವರು ಆ ಮನೆಗಳಿಗೆ ಬರುವುದಿಲ್ಲ.